ಮುಂಬಯಿ ಸೆಕೆಯಲ್ಲಿ ಮಂಜುಗಡ್ಡೆ - ಕಾರ್ಬೊರೇಟರಿಗೆ ಯಾಕೆ ಬೈಗುಳ?

"ಈ ಕಾಲದಲ್ಲೂ ಕಾರ್ಬೊರೇಟರಾ ಮಾರಾಯ್ರೆ?"

ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಡೊಂಬಿವಲಿ, ಮುಲುಂಡ್, ಗೋರೆಗಾಂವ್ ಕಡೆಯ ನಮ್ಮವರ ಮನೆಗಳಲ್ಲಿ ಈಗ ಹೊಸ ಕನಸೊಂದು ಶುರುವಾಗಿದೆ. ಮಗನೋ ಮಗಳೋ ಪೈಲಟ್ ಆಗಬೇಕು. ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ, ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಸವೆದು ಕೊಂಡ ಫ್ಲ್ಯಾಟನ್ನು ಅಡವಿಟ್ಟು ಅಪ್ಪ ಸಾಲ ತೆಗೆಯುತ್ತಾನೆ. ತೆಗೆಯಲಿ, ಕನಸಿಗೆ ನನ್ನ ತಕರಾರಿಲ್ಲ. ಪಿಸ್ಟನ್ ಎಂಜಿನ್ ಬಿಚ್ಚಿ ಕೂಡಿಸುವ ಕೆಲಸದಲ್ಲೇ ಹೊಟ್ಟೆ ಹೊರೆದವನು ಅಂತ ಗೊತ್ತಿರುವವರು, ದುಡ್ಡು ಕಟ್ಟುವ ಮೊದಲು ನನ್ನ ಹತ್ತಿರವೂ ಒಂದು ಮಾತು ಕೇಳಲು ಬರುತ್ತಾರೆ. ಬಂದವರ ಕೈಯಲ್ಲಿ ಬಣ್ಣಬಣ್ಣದ ಬ್ರೋಶರ್. ಅದರಲ್ಲಿ ದಪ್ಪ ಅಕ್ಷರದಲ್ಲಿ "ಫ್ಯುಯೆಲ್ ಇಂಜೆಕ್ಷನ್ ವಿಮಾನಗಳು, ಅತ್ಯಾಧುನಿಕ, ಸುರಕ್ಷಿತ". ಆಮೇಲೆ ಆ ಪ್ರಶ್ನೆ - ಬೇರೆ ಶಾಲೆಯಲ್ಲಿ ಇನ್ನೂ ಕಾರ್ಬೊರೇಟರ್ ವಿಮಾನ ಇದೆಯಂತೆ, ಅಲ್ಲಿಗೆ ಕಳಿಸುವುದು ಅಪಾಯ ಅಲ್ವಾ?

ಅಲ್ಲ. ಅಪಾಯ ಕಾರ್ಬೊರೇಟರಿನಲ್ಲಿ ಇಲ್ಲ, ಇಂಜೆಕ್ಷನ್ನಿನಲ್ಲೂ ಇಲ್ಲ. ಎಂಜಿನ್ ಯಾವ ಊರಿನ ಗಾಳಿ ಕುಡಿಯುತ್ತದೆ, ಆ ಗಾಳಿ ಅದಕ್ಕೆ ಏನು ಮಾಡುತ್ತದೆ ಅಂತ ಕಲಿಸದೇ ಹುಡುಗರನ್ನು ಮೇಲೆ ಕಳಿಸುವುದರಲ್ಲಿ ಅಪಾಯ ಇದೆ. ಬ್ರೋಶರ್ ಮುಚ್ಚಿಡುವುದು ಇದನ್ನೇ. ಇವತ್ತು ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಎಲ್ಲರೂ ಎತ್ತುವ ಬೈಕಿನ ಉದಾಹರಣೆ. "2020ರ ಏಪ್ರಿಲ್ ಒಂದರಿಂದ ಬಿಎಸ್-6 ಬಂತು, ಬೈಕಿಗೆಲ್ಲ ಇಂಜೆಕ್ಷನ್ ಆಯ್ತು. ನಮ್ಮ ಕಾಳಿ-ಪೀಳಿ ಪದ್ಮಿನಿ ಟ್ಯಾಕ್ಸಿ ಕೂಡ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟು ಹೋಯ್ತು. ವಿಮಾನದವರಿಗೆ ಮಾತ್ರ ಯಾಕೆ ಬುದ್ಧಿ ಬರಲಿಲ್ಲ?" ಕೇಳಲು ಸರಿ ಅನಿಸುತ್ತದೆ. ಆದರೆ ಬೈಕಿಗೆ ಇಂಜೆಕ್ಷನ್ ಬಂದದ್ದು ಸವಾರನ ಸುರಕ್ಷತೆಗಾಗಿ ಅಲ್ಲ ಸ್ವಾಮಿ, ಹೊಗೆಗಾಗಿ. ಸೈಲೆನ್ಸರಿನೊಳಗೆ ಕೂತ ಕೆಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಪೆಟ್ರೋಲು-ಗಾಳಿಯ ಪ್ರಮಾಣ ಕ್ಷಣಕ್ಷಣಕ್ಕೂ ಕರಾರುವಾಕ್ಕಾಗಿ ಇರಬೇಕು. ಅದಕ್ಕೊಂದು ಆಕ್ಸಿಜನ್ ಸೆನ್ಸರ್, ಅದು ಹೇಳಿದ್ದನ್ನು ಕೇಳುವ ಒಂದು ಪುಟ್ಟ ಕಂಪ್ಯೂಟರ್. ಸಣ್ಣ ವಿಮಾನಗಳಲ್ಲಿ ಹೆಚ್ಚಿನವು ಕುಡಿಯುವುದು 100ಎಲ್ಎಲ್ ಅನ್ನುವ ಏವಿಯೇಶನ್ ಗ್ಯಾಸೊಲಿನ್. ಅದರಲ್ಲಿ ಸೀಸ ಇದೆ. ಸೀಸ ತಗುಲಿದರೆ ಆ ಸೆನ್ಸರೂ ಕನ್ವರ್ಟರೂ ಹಾಳು. ಹಾಗಾಗಿ ಬೈಕಿನ ಲೆಕ್ಕವನ್ನು ತಂದು ವಿಮಾನಕ್ಕೆ ಕಟ್ಟುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಎರಡನೆಯದು, "ಇಂಜೆಕ್ಷನ್ ಹೊಸದು, ಕಾರ್ಬೊರೇಟರ್ ಹಳೆಯದು" ಅನ್ನುವ ನಂಬಿಕೆ. 1909ರ ಜುಲೈಯಲ್ಲಿ ಇಂಗ್ಲಿಷ್ ಕಾಲುವೆಯನ್ನು ಹಾರಿ ದಾಟುವ ಪಂದ್ಯ ನಡೆಯಿತು ನೋಡಿ. 19ನೇ ತಾರೀಖು ಹ್ಯೂಬರ್ಟ್ ಲ್ಯಾಥಮ್ ಹೊರಟ. ಅವನ ವಿಮಾನದ್ದು ಆಂಟ್ವಾನೆಟ್ ಎಂಜಿನ್, ಅದರಲ್ಲಿದ್ದದ್ದು ಇಂಜೆಕ್ಷನ್! ಹೌದು, ನೂರು ವರ್ಷಕ್ಕೂ ಹಿಂದೆ. ನಡುದಾರಿಯಲ್ಲಿ ಎಂಜಿನ್ ನಿಂತಿತು, ಲ್ಯಾಥಮ್ ಸಮುದ್ರಕ್ಕಿಳಿದು ಸಿಗರೇಟು ಸೇದುತ್ತ ಹಡಗಿಗೆ ಕಾದನಂತೆ. ಆರು ದಿನ ಬಿಟ್ಟು ಬ್ಲೇರಿಯೋ ತನ್ನ ಮೂರು ಸಿಲಿಂಡರಿನ ಆಂಜಾನಿ ಎಂಜಿನ್ನಿನಲ್ಲಿ, ಕಾರ್ಬೊರೇಟರ್ ಕಟ್ಟಿಕೊಂಡು, ಆಚೆ ದಡ ಸೇರಿದ. ಇದರಿಂದ ಕಾರ್ಬೊರೇಟರೇ ಶ್ರೇಷ್ಠ ಅಂತ ಹೇಳುತ್ತಿಲ್ಲ. ಹಳತು-ಹೊಸತು ಅನ್ನುವ ಅಳತೆಗೋಲೇ ಇಲ್ಲಿ ಸುಳ್ಳು ಅಂತಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಗುಟ್ಟು. ಬ್ರೋಶರಿನಲ್ಲಿ "ಇಂಜೆಕ್ಷನ್" ಅಂತ ಓದಿದ ಕೂಡಲೇ ನಮ್ಮ ತಲೆಯಲ್ಲಿ ಮೂಡುವುದು ಕಂಪ್ಯೂಟರ್ ಇರುವ ಕಾರಿನ ಎಂಜಿನ್. ಬಹುಪಾಲು ತರಬೇತಿ ವಿಮಾನಗಳಲ್ಲಿ ಇರುವುದು ಅದಲ್ಲ. ಸೆಸ್ನಾ 172 ವಿಮಾನದ ತಯಾರಿಕೆ 1986ರಲ್ಲಿ ನಿಂತು 1996ರಲ್ಲಿ ಮತ್ತೆ ಶುರುವಾದಾಗ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂತು, ನಿಜ. ಆದರೆ ಅದರೊಳಗಿರುವುದು ರಬ್ಬರ್ ಪರದೆ, ಸ್ಪ್ರಿಂಗು, ವಾಲ್ವುಗಳ ಯಂತ್ರ. ಗಾಳಿಯ ಒತ್ತಡ ಪರದೆಯನ್ನು ತಳ್ಳುತ್ತದೆ, ಪರದೆ ವಾಲ್ವನ್ನು ತೆರೆಯುತ್ತದೆ, ಅಳತೆಯಾದ ಪೆಟ್ರೋಲು ಎಂಜಿನ್ನಿನ ನೆತ್ತಿಯ ಮೇಲಿರುವ ಒಂದು ಹಂಚುಪೆಟ್ಟಿಗೆಗೆ ಹೋಗುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಸ್ಪೈಡರ್ ಅಂತಾರೆ. ಅಲ್ಲಿಂದ ಜೇಡನ ಕಾಲಿನ ಹಾಗೆ ಸಣ್ಣ ಸಣ್ಣ ಕೊಳವೆಗಳು ಒಂದೊಂದು ಸಿಲಿಂಡರಿಗೆ. ಕರೆಂಟೂ ಇಲ್ಲ, ಕಂಪ್ಯೂಟರೂ ಇಲ್ಲ. ಚೆನ್ನಾಗಿ ಕೆಲಸ ಮಾಡುವ ಯಂತ್ರ, ಅದರ ಬಗ್ಗೆ ನನಗೆ ಗೌರವವೇ ಇದೆ. ಅತ್ಯಾಧುನಿಕ ಅಂತ ಮಾತ್ರ ಹೇಳಬೇಡಿ.

ಈಗ ಕಾರ್ಬೊರೇಟರಿಗೆ ಬರೋಣ. ಅದರ ರಚನೆ ಸರಳ. ನಡುವೆ ಸೊಂಟದ ಹಾಗೆ ಕಿರಿದಾದ ಒಂದು ಕೊಳವೆ. ಎಂಜಿನ್ ಗಾಳಿ ಎಳೆದುಕೊಂಡಾಗ ಆ ಸೊಂಟದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನಿಂದ ಪೆಟ್ರೋಲು ತಾನಾಗಿ ಚಿಮ್ಮಿ ಗಾಳಿಗೆ ಸೇರುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವುದು ಒಂದು ತೇಲುವ ಬುರುಡೆ, ನಮ್ಮ ಫ್ಲಶ್ ಟ್ಯಾಂಕಿನಲ್ಲಿ ಇರುತ್ತದಲ್ಲ, ಅದರ ತಮ್ಮ. ರೆಕ್ಕೆ ಮೇಲಿರುವ ಸೆಸ್ನಾ 152ರಂಥ ವಿಮಾನದಲ್ಲಿ ಟ್ಯಾಂಕೂ ಮೇಲೆ, ಹಾಗಾಗಿ ಪೆಟ್ರೋಲು ನೀರು ಇಳಿದ ಹಾಗೆ ತನ್ನ ಭಾರಕ್ಕೇ ಇಳಿದು ಬರುತ್ತದೆ. ಪಂಪು ಕೂಡ ಬೇಡ. ಇಲ್ಲದ ಪಂಪು ಕೆಡುವುದೂ ಇಲ್ಲ!

ಆದರೆ ಕಾರ್ಬೊರೇಟರಿಗೊಂದು ಕಾಯಿಲೆ ಇದೆ, ಅದನ್ನು ಮುಚ್ಚಿಡುವುದು ಮೋಸ. ಡಾಕ್ಟರು ಸೂಜಿ ಚುಚ್ಚುವ ಮೊದಲು ತೋಳಿಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದಲ್ಲ? ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುತ್ತದಲ್ಲ? ಮದುವೆ ಅಡುಗೆಯಲ್ಲಿ ದೊಡ್ಡ ಒಲೆಗೆ ಹಚ್ಚಿದ ಗ್ಯಾಸ್ ಸಿಲಿಂಡರಿನ ಬುಡ ಬೆವತು, ಕೆಲವೊಮ್ಮೆ ಬೆಳ್ಳಗೆ ಹಿಮ ಕಟ್ಟುವುದನ್ನು ಅಡುಗೆ ಭಟ್ಟರನ್ನು ಕೇಳಿ, ಹೇಳುತ್ತಾರೆ. ದ್ರವ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಕಿತ್ತುಕೊಳ್ಳುತ್ತದೆ. ಕಾರ್ಬೊರೇಟರಿನ ಸೊಂಟದಲ್ಲಿ ಪೆಟ್ರೋಲು ಆವಿಯಾಗುವುದೂ ಉಂಟು, ಒತ್ತಡ ಇಳಿಯುವುದೂ ಉಂಟು. ಎರಡೂ ಸೇರಿ ಗಾಳಿಯ ಉಷ್ಣತೆ 30 ಡಿಗ್ರಿಗೂ ಹೆಚ್ಚು ಇಳಿಯಬಹುದು. ಹೊರಗೆ 28 ಡಿಗ್ರಿ ಇದ್ದರೆ ಒಳಗೆ ಸೊನ್ನೆಗಿಂತ ಕೆಳಗೆ. ಗಾಳಿಯಲ್ಲಿ ತೇವ ಇದ್ದರೆ ಅದು ಕೊಳವೆಯ ಗೋಡೆಗೂ ಥ್ರಾಟಲ್ ಬಿಲ್ಲೆಗೂ ಮಂಜುಗಡ್ಡೆಯಾಗಿ ಅಂಟುತ್ತದೆ. ಎಂಜಿನ್ನಿನ ಗಂಟಲು ಕಟ್ಟುತ್ತದೆ.

ಇಲ್ಲೇ ನಮ್ಮ ಮುಂಬಯಿ ಬರುವುದು. ಮಂಜುಗಡ್ಡೆ ಅಂದರೆ ಶಿಮ್ಲಾ, ಲಡಾಖ್ ಅಂತ ಎಲ್ಲರೂ ತಿಳಿದಿರುತ್ತಾರೆ. ಅಸಲು ತೀರಾ ಚಳಿಯ ಊರಿನಲ್ಲಿ ಈ ಕಾಟ ಕಮ್ಮಿ, ಯಾಕೆಂದರೆ ಅಲ್ಲಿನ ಗಾಳಿ ಒಣ. ಪೈಲಟುಗಳ ಪಠ್ಯಪುಸ್ತಕ ಹೇಳುವ ಪ್ರಕಾರ ಅತಿ ಹೆಚ್ಚು ಸಾಧ್ಯತೆ ಇರುವುದು 21 ಡಿಗ್ರಿಗಿಂತ ಕಮ್ಮಿ ಉಷ್ಣತೆ, 80 ಪರ್ಸೆಂಟಿಗಿಂತ ಹೆಚ್ಚು ತೇವಾಂಶ ಇದ್ದಾಗ. ಆದರೆ 38 ಡಿಗ್ರಿಯಲ್ಲೂ, 50 ಪರ್ಸೆಂಟ್ ತೇವಾಂಶದಲ್ಲೂ ಗಡ್ಡೆ ಕಟ್ಟಬಹುದು. ಈಗ ಜುಹು ಕಡಲತೀರದಲ್ಲಿ ನಿಂತು ನೋಡಿ. ಜೂನಿನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರು. ಜನವರಿಯ ಬೆಳಿಗ್ಗೆ ಆಕಾಶ ತಿಳಿಯಾಗಿ, ತಣ್ಣಗೆ, ಹಾರಲು ಹೇಳಿಮಾಡಿಸಿದ ಹಾಗೆ ಕಾಣುವ ಹೊತ್ತು ಕೂಡ ಪುಸ್ತಕದಲ್ಲಿ ಹೇಳಿದ ಅಪಾಯದ ಮೂಲೆಗೆ ತೀರಾ ಹತ್ತಿರ. ಮೋಡ ಇಲ್ಲ, ಮಳೆ ಇಲ್ಲ, ಬೆವರುವ ನಗರದ ಮೇಲೆ ಎಂಜಿನ್ನಿನೊಳಗೆ ಹಿಮ. ಇದನ್ನು ಹುಡುಗರಿಗೆ ಹೇಳಿದರೆ ಅಜ್ಜ ತಮಾಷೆ ಮಾಡುತ್ತಾನೆ ಅಂತ ನಗುತ್ತಾರೆ. ಮನೆಯ ಎಸಿಯ ಕಾಯಿಲ್ ಮಳೆಗಾಲದಲ್ಲಿ ಗಡ್ಡೆ ಕಟ್ಟಿ ಗಾಳಿ ನಿಂತದ್ದನ್ನು ಅವರೂ ನೋಡಿರುತ್ತಾರೆ. ಅದೇ ಇದು.

ಇದಕ್ಕೆ ಔಷಧ ಇಲ್ಲವೇ? ಇದೆ. ಪೈಲಟಿನ ಕೈಗೆಟುಕುವಲ್ಲೇ ಒಂದು ಹಿಡಿ ಇರುತ್ತದೆ, ಕಾರ್ಬೊರೇಟರ್ ಹೀಟ್. ಅದನ್ನು ಎಳೆದರೆ ಎಕ್ಸಾಸ್ಟ್ ಕೊಳವೆಯ ಸುತ್ತ ಬಿಸಿಯಾದ ಗಾಳಿ ಕಾರ್ಬೊರೇಟರಿಗೆ ನುಗ್ಗಿ ಗಡ್ಡೆಯನ್ನು ಕರಗಿಸುತ್ತದೆ. ಕಾಯಿಲೆ ಬರುವ ಮುನ್ಸೂಚನೆಯೂ ಸಿಗುತ್ತದೆ. ಥ್ರಾಟಲ್ ಮುಟ್ಟದಿದ್ದರೂ ಆರ್‌ಪಿಎಂ ಮೆಲ್ಲಗೆ ಇಳಿಯುತ್ತದೆ, ಆಮೇಲೆ ಎಂಜಿನ್ ಒರಟಾಗುತ್ತದೆ. ಇಷ್ಟು ಸರಳವಾಗಿದ್ದರೆ ಜನ ಯಾಕೆ ಸಾಯುತ್ತಾರೆ ಅಂತ ಕೇಳಬಹುದು. ಕಲಿಸದೇ ಇರುವ ಮೂರು ವಿಷಯಗಳಿಂದ ಸಾಯುತ್ತಾರೆ.

ಒಂದು, ಹಿಡಿ ಎಳೆದ ಕೂಡಲೇ ಎಂಜಿನ್ ಸರಿಯಾಗುವುದಿಲ್ಲ, ಇನ್ನೂ ಹಾಳಾಗುತ್ತದೆ! ಬಿಸಿ ಗಾಳಿ ತೆಳು, ಶಕ್ತಿ ಇಳಿಯುತ್ತದೆ. ಕರಗಿದ ನೀರು ಎಂಜಿನ್ನಿನ ಹೊಟ್ಟೆಗೆ ಹೋಗಿ ಅದು ಕೆಮ್ಮುತ್ತದೆ, ಅಲುಗಾಡುತ್ತದೆ. ಕಲಿಯುವ ಹುಡುಗ ಹೆದರಿ "ಅಯ್ಯೋ, ಏನೋ ತಪ್ಪು ಮಾಡಿದೆ" ಅಂತ ಹಿಡಿಯನ್ನು ವಾಪಸ್ ತಳ್ಳುತ್ತಾನೆ. ಔಷಧ ಕೆಲಸ ಮಾಡುತ್ತಿದ್ದ ಹೊತ್ತಿಗೇ ನಿಲ್ಲಿಸಿಬಿಟ್ಟ. ಅರ್ಧ ನಿಮಿಷ ಹಲ್ಲುಕಚ್ಚಿ ಹಿಡಿದಿದ್ದರೆ ಬದುಕುತ್ತಿದ್ದ.

ಎರಡು, ಬಿಸಿ ಬರುವುದು ಎಂಜಿನ್ನಿನ ಎಕ್ಸಾಸ್ಟಿನಿಂದಲೇ. ಎಂಜಿನ್ ಪೂರ್ತಿ ನಿಂತ ಮೇಲೆ ಎಕ್ಸಾಸ್ಟ್ ತಣ್ಣಗಾಗುತ್ತದೆ, ಹಿಡಿ ಎಳೆದರೂ ಬರುವುದು ತಂಗಾಳಿ. ರೋಗಿಗೆ ಉಸಿರಿರುವಾಗಲೇ ಕೊಡಬೇಕಾದ ಔಷಧ ಇದು. ಅದರಲ್ಲೂ ಇಳಿಯುವಾಗ, ಥ್ರಾಟಲ್ ಕಮ್ಮಿ ಮಾಡಿದಾಗ, ಬಿಲ್ಲೆ ಬಹುತೇಕ ಮುಚ್ಚಿರುತ್ತದೆ. ಬಿಲ್ಲೆಗೂ ಗೋಡೆಗೂ ಇರುವ ಸಣ್ಣ ಸಂದು ಕಟ್ಟಲು ಎಷ್ಟು ಗಡ್ಡೆ ಬೇಕು? ಹಾಗಾಗಿ ಶಕ್ತಿ ಇಳಿಸುವ ಮೊದಲೇ ಹೀಟ್ ಎಳೆಯುವ ಅಭ್ಯಾಸ ಕೈಗೆ ಕೂರಬೇಕು.

ಮೂರು, ಎಲ್ಲ ಎಂಜಿನ್ ಒಂದೇ ಅಲ್ಲ. ಲೈಕಾಮಿಂಗ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಕಾರ್ಬೊರೇಟರನ್ನು ಬಿಸಿ ಎಣ್ಣೆಯ ತಟ್ಟೆಗೇ ಬೋಲ್ಟ್ ಮಾಡಿರುತ್ತಾರೆ, ಸ್ವಲ್ಪ ಬೆಚ್ಚಗಿರುತ್ತದೆ. ಹಳೆಯ ಸಣ್ಣ ಕಾಂಟಿನೆಂಟಲ್ ಎಂಜಿನ್ನುಗಳಲ್ಲಿ ಆ ಭಾಗ್ಯ ಇಲ್ಲ, ಅವಕ್ಕೆ ಗಡ್ಡೆಯ ಕಾಟ ಹೆಚ್ಚು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ, ಆಮೇಲೆ ದೇಶದ ಫ್ಲೈಯಿಂಗ್ ಕ್ಲಬ್ಬುಗಳ ತುಂಬ ಓಡಾಡಿದ ನಮ್ಮ ಪುಷ್ಪಕ್ ವಿಮಾನಕ್ಕೆ ಇದ್ದದ್ದು 90 ಕುದುರೆಶಕ್ತಿಯ ಇಂಥದ್ದೇ ಕಾಂಟಿನೆಂಟಲ್.

ಇನ್ನೂ ಒಂದು ವಿಚಿತ್ರ ಇದೆ. ವಿಮಾನ ಬಿದ್ದ ಮೇಲೆ ತನಿಖೆಗೆ ಜನ ಬರುವ ಹೊತ್ತಿಗೆ ಗಡ್ಡೆ ಕರಗಿ ನೀರಾಗಿ ಆರಿಹೋಗಿರುತ್ತದೆ. ಕೊಲೆಗಾರ ಸಾಕ್ಷಿ ಸಮೇತ ಮಾಯ! ಹಾಗಾಗಿ ಅಂದಿನ ಉಷ್ಣತೆ, ತೇವಾಂಶ ನೋಡಿ "ಇರಬಹುದು" ಅಂತ ಬರೆಯುವುದಷ್ಟೇ ಅವರಿಗೆ ಉಳಿಯುತ್ತದೆ. ಕಣ್ಣಿಗೆ ಕಾಣದ ಅಪರಾಧಿಯ ಬಗ್ಗೆ ಪಾಠ ಮಾಡಲು ಮೇಷ್ಟ್ರಿಗೂ ಉತ್ಸಾಹ ಇರುವುದಿಲ್ಲ.

"ಅದಕ್ಕೇ ಅಲ್ವಾ ಇಂಜೆಕ್ಷನ್ ಒಳ್ಳೇದು ಅನ್ನೋದು?" ಅಂತ ನೀವು ಕೇಳುತ್ತೀರಿ. ಒಪ್ಪಿದೆ. ಇಂಜೆಕ್ಷನ್ನಿನಲ್ಲಿ ಪೆಟ್ರೋಲು ಸಿಲಿಂಡರಿನ ಬಿಸಿ ಬಾಗಿಲಲ್ಲೇ ಚಿಮ್ಮುವುದರಿಂದ ಈ ಗಡ್ಡೆ ಕಟ್ಟುವುದಿಲ್ಲ. ಕರಾವಳಿಯಲ್ಲಿ ವರ್ಷಪೂರ್ತಿ ಹಾರುವ ಶಾಲೆಗೆ ಇದು ದೊಡ್ಡ ಲಾಭ, ಇದರಲ್ಲಿ ಎರಡು ಮಾತಿಲ್ಲ. ಎಲ್ಲ ಸಿಲಿಂಡರಿಗೂ ಸಮನಾಗಿ ಪೆಟ್ರೋಲು ಹಂಚಿಕೆಯಾಗುತ್ತದೆ, ಸ್ವಲ್ಪ ಉಳಿತಾಯವೂ ಆಗುತ್ತದೆ. ತಲೆಕೆಳಗಾಗಿ ಹಾರುವ ವಿಮಾನಕ್ಕಂತೂ ಇಂಜೆಕ್ಷನ್ನೇ ಸೈ. ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ಮೂಗು ಕೆಳಗೆ ಮಾಡಿ ಧುಮುಕಿದರೆ ಅದರ ಮರ್ಲಿನ್ ಎಂಜಿನ್ನಿನ ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲು ಮೇಲಕ್ಕೆ ಹಾರಿ ಎಂಜಿನ್ ಕೆಮ್ಮುತ್ತಿತ್ತು, ಇಂಜೆಕ್ಷನ್ ಇದ್ದ ಜರ್ಮನ್ ವಿಮಾನ ಆರಾಮಾಗಿ ತಪ್ಪಿಸಿಕೊಳ್ಳುತ್ತಿತ್ತು. 1941ರಲ್ಲಿ ಬೀಟ್ರಿಸ್ ಶಿಲ್ಲಿಂಗ್ ಅನ್ನುವ ಹೆಣ್ಣುಮಗಳು ಪೆಟ್ರೋಲಿನ ದಾರಿಯಲ್ಲಿ ತೂತಿರುವ ಒಂದು ಪುಟ್ಟ ಬಿಲ್ಲೆ ಕೂರಿಸಿ ಆ ಕೆಮ್ಮನ್ನು ಬಹುಮಟ್ಟಿಗೆ ನಿಲ್ಲಿಸಿದಳು. ಆದರೂ ಕಾರ್ಬೊರೇಟರನ್ನೇ ಇಟ್ಟುಕೊಂಡದ್ದಕ್ಕೆ ಅದೇ ಎಂಜಿನ್ ತಯಾರಕರು ಕೊಟ್ಟ ಕಾರಣ ಗೊತ್ತೇ? ಪೆಟ್ರೋಲು ಆವಿಯಾಗಿ ಗಾಳಿ ತಣ್ಣಗಾಗುತ್ತದಲ್ಲ, ತಣ್ಣನೆಯ ಗಾಳಿ ದಟ್ಟ, ಅದರಿಂದ ಶಕ್ತಿ ಹೆಚ್ಚು. ಒಂದು ಕಡೆ ಹಿಮ ಕಟ್ಟಿ ಕೊಲ್ಲುವ ತಂಪೇ ಇನ್ನೊಂದು ಕಡೆ ಬಲ ಕೊಡುತ್ತದೆ.

ಈಗ ಇಂಜೆಕ್ಷನ್ನಿನ ಕಾಯಿಲೆ ಕೇಳಿ, ಬ್ರೋಶರಿನಲ್ಲಿ ಇದು ಇರುವುದಿಲ್ಲ. ಹಳೆಯ ಮುಂಬಯಿಯವರಿಗೆ ನೆನಪಿರಬಹುದು, ಬೇಸಗೆಯಲ್ಲಿ ಖಂಡಾಲ ಘಾಟಿ ಹತ್ತುವಾಗ ಫಿಯೆಟ್ಟುಗಳು ಸಾಲಾಗಿ ಬಾನೆಟ್ ತೆರೆದು ನಿಂತಿರುತ್ತಿದ್ದವು. ಡ್ರೈವರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಬೀಡಿ ಸೇದುತ್ತ ಕೂತಿರುತ್ತಿದ್ದ. ಬಿಸಿಗೆ ಪೆಟ್ರೋಲು ಕೊಳವೆಯಲ್ಲೇ ಕುದಿದು ಗುಳ್ಳೆಯಾಗಿ, ಪಂಪು ಗುಳ್ಳೆಯನ್ನೇ ತಳ್ಳುತ್ತ ಕೂರುವುದು - ವೇಪರ್ ಲಾಕ್. ಇಂಜೆಕ್ಷನ್ ಇರುವ ವಿಮಾನದಲ್ಲಿ ಆ ಜೇಡನ ಕಾಲುಗಳೆಲ್ಲ ಬಿಸಿ ಎಂಜಿನ್ನಿನ ನೆತ್ತಿಯ ಮೇಲೆ ಮಲಗಿರುತ್ತವೆ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಚಾ ಕುಡಿದು ಬರುವಷ್ಟರಲ್ಲಿ ಒಳಗಿನ ಪೆಟ್ರೋಲು ಆವಿ. ಮತ್ತೆ ಸ್ಟಾರ್ಟ್ ಮಾಡಲು ಬೇರೆಯೇ ಕ್ರಮ ಗೊತ್ತಿರಬೇಕು. ಗೊತ್ತಿಲ್ಲದವನು ಸ್ಟಾರ್ಟರ್ ತಿರುಗಿಸಿ ತಿರುಗಿಸಿ ಬ್ಯಾಟರಿ ಮುಗಿಸುತ್ತಾನೆ, ಇಲ್ಲವೇ ಪೆಟ್ರೋಲು ಸುರಿದು ಬೆಂಕಿಗೆ ಆಹ್ವಾನ ಕೊಡುತ್ತಾನೆ.

ಜುಹುವಿನಲ್ಲಿ 1928ರಲ್ಲೇ ಶುರುವಾದ ಬಾಂಬೆ ಫ್ಲೈಯಿಂಗ್ ಕ್ಲಬ್ಬಿನ ತರಬೇತಿ ಈಗ ಧುಳೆಯ ಕಡೆ ಹೋಗಿದೆ, ಮುಂಬಯಿಯ ಆಕಾಶದಲ್ಲಿ ಕಲಿಯುವವರಿಗೆ ಜಾಗ ಎಲ್ಲಿದೆ? ಧುಳೆ ಖಾಂದೇಶದ ಬಿಸಿಲ ಊರು, ಏಪ್ರಿಲ್-ಮೇಯಲ್ಲಿ 40 ದಾಟುತ್ತದೆ, ಗಾಳಿ ಒಣ. ಕಡಲ ಪಕ್ಕದ ಜುಹುವಿನಲ್ಲಿ ಕಾರ್ಬೊರೇಟರಿಗೆ ಬರುವ ಕಾಯಿಲೆ ಅಲ್ಲಿನ ಬೇಸಗೆಯಲ್ಲಿ ತೀರಾ ಕಮ್ಮಿ. ಜುಹುವಿನಲ್ಲಿ ಸುಮ್ಮನಿದ್ದ ಇಂಜೆಕ್ಷನ್ ಅಲ್ಲಿನ ಬಿಸಿಲಲ್ಲಿ ಕಾಟ ಕೊಡುತ್ತದೆ. ಒಂದೇ ರಾಜ್ಯ, ಒಂದೇ ವಿಮಾನ, ಕಾಯಿಲೆ ಮಾತ್ರ ಊರಿಗೊಂದು. ಯಾವುದು ಒಳ್ಳೆಯದು ಅಂತ ಊರು ಕೇಳದೇ ಹೇಳುವವನು ಮಾರಾಟಗಾರ, ಮೆಕ್ಯಾನಿಕ್ ಅಲ್ಲ.

ಇಂಜೆಕ್ಷನ್ ಅನ್ನುವ ಹೆಸರೇ ರಕ್ಷೆ ಅಂದುಕೊಂಡವರು ನಮ್ಮ ದೇಶದ್ದೇ ಒಂದು ಕತೆ ಕೇಳಬೇಕು. ಎಚ್‌ಪಿಟಿ-32 ದೀಪಕ್, ಇದೂ ಬೆಂಗಳೂರಿನ ಎಚ್‌ಎಎಲ್ ಕೂಸು. 1977ರಲ್ಲಿ ಮೊದಲ ಹಾರಾಟ. 260 ಕುದುರೆಶಕ್ತಿಯ ಲೈಕಾಮಿಂಗ್, ಅದಕ್ಕಿದ್ದದ್ದು ಇಂಜೆಕ್ಷನ್. ವಾಯುಸೇನೆ ಸೇರಿದ ಹುಡುಗರು ಮೊದಲು ಕೂರುತ್ತಿದ್ದದ್ದು ಇದರಲ್ಲೇ. ಹಾರುತ್ತಿರುವಾಗಲೇ ಎಂಜಿನ್ ನಿಲ್ಲುವ ಪಿಡುಗು ಇದಕ್ಕೆ ಅಂಟಿಕೊಂಡಿತು. ಸಂಶಯದ ಬೆರಳು ಪದೇ ಪದೇ ಹೋದದ್ದು ಇಂಧನ ವ್ಯವಸ್ಥೆಯ ಕಡೆಗೆ. 2009ರ ಜುಲೈ 31ರಂದು ಹೈದರಾಬಾದಿನ ಆಚೆ ಮೆದಕ್ ಜಿಲ್ಲೆಯಲ್ಲಿ ಒಂದು ದೀಪಕ್ ಬಿದ್ದು ಇಬ್ಬರು ಸ್ಕ್ವಾಡ್ರನ್ ಲೀಡರ್‌ಗಳು ತೀರಿಕೊಂಡರು. ಕಲಿಯುವ ಹುಡುಗರಲ್ಲ, ಕಲಿಸುವ ಗುರುಗಳು! ಅಲ್ಲಿಗೆ ದೀಪಕ್ ಹಾರಾಟ ನಿಂತಿತು. ಆಗ ಪತ್ರಿಕೆಗಳಲ್ಲಿ ಬಂದ ಲೆಕ್ಕ 17 ಅಪಘಾತ, 19 ಪೈಲಟುಗಳ ಸಾವು. 2012ರಲ್ಲಿ ಸ್ವಿಟ್ಜರ್‌ಲೆಂಡಿನಿಂದ 75 ಪಿಲಾಟಸ್ ವಿಮಾನ ಕೊಳ್ಳುವ ಒಪ್ಪಂದವಾಯಿತು.

ಇಂಜೆಕ್ಷನ್ನೇ ಅವರನ್ನು ಕೊಂದಿತು ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಕಾರ್ಬೊರೇಟರಿಗೆ ಬೈಯುವವರಿಗೂ ನನಗೂ ಏನು ವ್ಯತ್ಯಾಸ? ಇಂಜೆಕ್ಷನ್ನಿನ ನಾಜೂಕಿನ ಕೆಲಸ ಶುರುವಾಗುವುದು ಪೆಟ್ರೋಲು ಅದರ ಬಾಗಿಲಿಗೆ ಬಂದು ತಲುಪಿದ ಮೇಲೆ. ಟ್ಯಾಂಕಿನಿಂದ ಬಾಗಿಲ ತನಕದ ದಾರಿ - ಕೊಳವೆ, ಫಿಲ್ಟರ್, ಪಂಪು, ವಾಲ್ವು - ಸರಿ ಇಲ್ಲದಿದ್ದರೆ ತುದಿಯಲ್ಲಿ ಏನು ಕೂರಿಸಿದರೂ ವ್ಯರ್ಥ. ನಲ್ಲಿಗೆ ಚಿನ್ನದ ತಿರುಗಣೆ ಹಾಕಿದರೆ ನೀರು ಬರುತ್ತದೆಯೇ? ಅಷ್ಟು ಸಣ್ಣ ರಂಧ್ರದ ನಾಜಲುಗಳಿಗೆ ಒಂದು ಚೂರು ಕಸ ಸಾಕು. ಕಾರ್ಬೊರೇಟರ್ ನುಂಗಿಕೊಳ್ಳುವ ಕೊಳೆಯನ್ನು ಇಂಜೆಕ್ಷನ್ ನುಂಗುವುದಿಲ್ಲ. ಅಂದರೆ ಇಂಜೆಕ್ಷನ್ ತಂದ ಶಾಲೆ ಮೊದಲಿಗಿಂತ ಹೆಚ್ಚು ಶುದ್ಧವಾಗಿ, ಹೆಚ್ಚು ಶಿಸ್ತಿನಿಂದ ಮೇಂಟೆನೆನ್ಸ್ ಮಾಡಬೇಕು. ಬ್ರೋಶರಿನಲ್ಲಿ ಅದಕ್ಕೊಂದು ಸಾಲಾದರೂ ಇದೆಯೇ?

ಇನ್ನು ಇನ್ನೊಂದು ಪಂಗಡ, ನಮ್ಮ ವಯಸ್ಸಿನವರದ್ದು. "ಹಳೇದೇ ಚೆನ್ನ, ಜೆಆರ್‌ಡಿ ಏನು ಇಂಜೆಕ್ಷನ್ ಇಟ್ಟುಕೊಂಡು ಹಾರಿದರಾ?" ಅನ್ನುವವರು. ಇವರಿಗೂ ಎರಡು ಮಾತು. 1932ರ ಅಕ್ಟೋಬರ್ 15ರಂದು ಜೆಆರ್‌ಡಿ ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಹಾರಿ ಪುಸ್ ಮಾತ್ ವಿಮಾನವನ್ನು ನಮ್ಮ ಜುಹುವಿನಲ್ಲಿ ಇಳಿಸಿದರು. ಅಲ್ಲಿಂದ ಟಪಾಲು ಚೀಲ ಎತ್ತಿಕೊಂಡು ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋದ. ಆ ಜಿಪ್ಸಿ ಎಂಜಿನ್ನಿನಲ್ಲಿ ಇದ್ದದ್ದು ಕಾರ್ಬೊರೇಟರೇ. ಐವತ್ತು ವರ್ಷ ಬಿಟ್ಟು, 1982ರಲ್ಲಿ, 78ನೇ ವಯಸ್ಸಿನಲ್ಲಿ ಜೆಆರ್‌ಡಿ ಅದೇ ದಾರಿಯಲ್ಲಿ ಲೆಪರ್ಡ್ ಮಾತ್ ಹಾರಿಸಿ ಮತ್ತೆ ಜುಹುವಿನಲ್ಲಿ ಇಳಿದರು. ಇದನ್ನು ನೆನೆದರೆ ನನಗೂ ಮೈ ಜುಂ ಅನ್ನುತ್ತದೆ. ಆದರೆ ಆ ಕಾಲದವರು ಗಾಳಿಯನ್ನು ಗೌರವಿಸಿದವರು. ಮಳೆಗಾಲದಲ್ಲಿ ಜುಹು ಕೆಸರುಗದ್ದೆಯಾದಾಗ ಸುಮ್ಮನೆ ಗಂಟುಮೂಟೆ ಕಟ್ಟಿ ಪುಣೆಗೆ ಹೋಗುತ್ತಿದ್ದರು. ಕಾರ್ಬೊರೇಟರ್ ಇದ್ದದ್ದರಿಂದ ಗೆದ್ದವರಲ್ಲ, ಅದರ ಗುಣ ಗೊತ್ತಿದ್ದದ್ದರಿಂದ ಗೆದ್ದವರು. ಹಳೆಯ ಯಂತ್ರವನ್ನು ಫೋಟೋದ ಹಾಗೆ ಪೂಜೆ ಮಾಡಿದರೆ ಹುಡುಗರಿಗೆ ಏನೂ ಸಿಗುವುದಿಲ್ಲ.

ನಿಜವಾಗಿ ಹೊಸದು ಯಾವುದು ಅಂತ ನೋಡಬೇಕಾದರೆ ಬೆಂಗಳೂರಿನ ಎನ್‌ಎಎಲ್ ಕಡೆ ನೋಡಿ. ಅವರ ಹಂಸ-3 ತರಬೇತಿ ವಿಮಾನದಲ್ಲಿ ಇದ್ದದ್ದು ಕಾರ್ಬೊರೇಟರಿನ ರೋಟಾಕ್ಸ್ ಎಂಜಿನ್. 2021ರ ಸೆಪ್ಟೆಂಬರಿನಲ್ಲಿ ಹಾರಿದ ಹೊಸ ಹಂಸ-ಎನ್‌ಜಿಯಲ್ಲಿ ಇರುವುದು ಕಂಪ್ಯೂಟರ್ ನಡೆಸುವ ಇಂಜೆಕ್ಷನ್ನಿನ ರೋಟಾಕ್ಸ್. ಇದು ಒಳ್ಳೆಯ ಹೆಜ್ಜೆ, ನಮ್ಮ ಊರಿನವರು ಇಟ್ಟದ್ದು ಅಂತ ಹೆಮ್ಮೆಯೂ ಇದೆ. ಆದರೆ ಇಂಥ ಎಂಜಿನ್ನಿಗೆ ಕರೆಂಟೇ ಉಸಿರು. ಅದಕ್ಕೇ ತಯಾರಕರು ಕಂಪ್ಯೂಟರಿನ ದಾರಿಯನ್ನೂ ಎರಡು ಮಾಡಿ, ಜನರೇಟರನ್ನೂ ಎರಡು ಇಟ್ಟಿದ್ದಾರೆ. ಕಲಿಯುವವನು ಈಗ ಮಂಜುಗಡ್ಡೆಯ ಬದಲು ಕರೆಂಟಿನ ಪಾಠ ಕಲಿಯಬೇಕು. ಅದೇ ರೋಟಾಕ್ಸ್ ಕಂಪನಿ ಇವತ್ತಿಗೂ ಕಾರ್ಬೊರೇಟರ್ ಎಂಜಿನ್ನನ್ನೂ ಮಾರುತ್ತದೆ, ಕೊಳ್ಳುವವರೂ ಇದ್ದಾರೆ. ಅವರೆಲ್ಲ ಪೆದ್ದರೇನು?

ಯಾಕೆ ಇಷ್ಟು ಕೂಗಾಡುತ್ತೀಯಾ ಅಂದರೆ, ಈ ನಗರದಲ್ಲಿ ಎಂಜಿನ್ ನಿಂತರೆ ಇಳಿಯಲು ಜಾಗ ಇಲ್ಲ ಅನ್ನುವುದಕ್ಕೆ. 2018ರ ಜೂನ್ 28ರಂದು ಜುಹುವಿನಿಂದ ಪರೀಕ್ಷೆಗೆ ಹಾರಿದ ವಿಮಾನವೊಂದು ಘಾಟ್ಕೋಪರಿನಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದ ಜಾಗಕ್ಕೆ ಬಿತ್ತು. ಒಳಗಿದ್ದ ನಾಲ್ವರು, ಜೊತೆಗೆ ರಸ್ತೆಯಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದ ಒಬ್ಬ ಮನುಷ್ಯ ಸತ್ತರು. ಅದು ಟರ್ಬೈನ್ ಎಂಜಿನ್, ಅದಕ್ಕೂ ಈ ಕಾರ್ಬೊರೇಟರ್ ಜಗಳಕ್ಕೂ ಸಂಬಂಧ ಇಲ್ಲ. ಆದರೆ ಮೇಲಿಂದ ಬಿದ್ದದ್ದು ಯಾರ ತಲೆಯ ಮೇಲಾದರೂ ಬೀಳುತ್ತದೆ ಅನ್ನುವುದನ್ನು ಆ ದಿನ ಎಲ್ಲರೂ ನೋಡಿದೆವು. ಜುಹುವಿನಿಂದ ಎದ್ದ ವಿಮಾನಕ್ಕೆ ಒಂದು ಕಡೆ ಸಮುದ್ರ, ಉಳಿದ ಕಡೆಯೆಲ್ಲ ನಾವು-ನೀವು.

ಹಾಗಾಗಿ ಮಕ್ಕಳನ್ನು ಕಳಿಸುವ ಅಪ್ಪ-ಅಮ್ಮಂದಿರೇ, ಶಾಲೆಗೆ ಹೋದಾಗ "ಇಂಜೆಕ್ಷನ್ ಇದೆಯಾ" ಅಂತ ಕೇಳಬೇಡಿ. ಕಾರ್ಬೊರೇಟರ್ ವಿಮಾನ ಇದ್ದರೆ, ಗಡ್ಡೆ ಕಟ್ಟುವ ಉಷ್ಣತೆ-ತೇವಾಂಶದ ಪಟ್ಟಿಯನ್ನು ಹಾರುವ ಮೊದಲು ನೋಡುವ ರೂಢಿ ಇದೆಯೇ, ಹೀಟ್ ಎಳೆದಾಗ ಎಂಜಿನ್ ಕೆಮ್ಮುವುದನ್ನು ಮೇಷ್ಟ್ರು ಹುಡುಗನ ಪಕ್ಕ ಕೂತು ಒಮ್ಮೆಯಾದರೂ ತೋರಿಸುತ್ತಾರೆಯೇ ಅಂತ ಕೇಳಿ. ಇಂಜೆಕ್ಷನ್ ವಿಮಾನ ಇದ್ದರೆ, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಮಾಡುವ ಕ್ರಮ ಎಲ್ಲರಿಗೂ ಬಾಯಿಪಾಠವೇ, ನಾಜಲು-ಫಿಲ್ಟರುಗಳನ್ನು ಕಡೆಯ ಸಲ ಯಾವಾಗ ಬಿಚ್ಚಿ ತೊಳೆದರು, ಲಾಗ್ ಪುಸ್ತಕ ತೋರಿಸುತ್ತೀರಾ ಅಂತ ಕೇಳಿ. ಎರಡರಲ್ಲೂ ಕೇಳಬೇಕಾದ ಒಂದು ಪ್ರಶ್ನೆ - ಬೆಳಿಗ್ಗೆ ಟ್ಯಾಂಕಿನ ತಳದಿಂದ ಪೆಟ್ರೋಲು ತೆಗೆದು ನೀರು ಸೇರಿದೆಯೇ ಅಂತ ಗಾಜಿನಲ್ಲಿ ನೋಡುವವರು ಯಾರು? ವಿದ್ಯಾರ್ಥಿಯೇ ನೋಡುತ್ತಾನೋ, ಇಲ್ಲ "ಹುಡುಗ ನೋಡಿದ್ದಾನೆ ಬಿಡಿ" ಅಂತ ಕೈತೊಳೆದುಕೊಳ್ಳುತ್ತಾರೋ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಲಿಸಲಾರದ ಶಾಲೆ ಕಾರ್ಬೊರೇಟರ್ ಡೊಂಕು ಅನ್ನುತ್ತದೆ, ಇಂಜೆಕ್ಷನ್ ತಂದು ಫೀಸು ಏರಿಸುತ್ತದೆ. ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಕೊಡುವ ಶಾಲೆಯಲ್ಲಿ ಯಾವ ಎಂಜಿನ್ ಇದ್ದರೂ ಧೈರ್ಯವಾಗಿ ಕಳಿಸಿ. ಉತ್ತರದ ಬದಲು ಮತ್ತೆ ಬ್ರೋಶರನ್ನೇ ಮುಂದೆ ಹಿಡಿದರೆ ಅದನ್ನು ಮೇಜಿನ ಮೇಲೆಯೇ ಬಿಟ್ಟು, ಸಾಲದ ಅರ್ಜಿಗೆ ಸಹಿ ಹಾಕದೇ ವಾಪಸ್ ಬನ್ನಿ.